ಅಂಟದ ಆಯಸ್ಕಾಂತದ ಪರವಾನಗಿ

ವಾಮದಪದವಿನ ಕಾರ್ಖಾನೆಯಲ್ಲಿ ತಯಾರಾಗುವ ಆಯಸ್ಕಾಂತಗಳು ಕಬ್ಬಿಣಕ್ಕೆ ಅಂಟುವುದಿಲ್ಲವೆಂಬುದು ಅಧಿಕೃತ ಪರಿಶೀಲನೆಯಲ್ಲಿ ದೃಢಪಟ್ಟಿತು.

ಕಾರ್ಖಾನೆಯ ಒಡತಿ ಸಮೀನಾಳಿಗೆ ಇದು ಹೊಸ ಸುದ್ದಿಯಲ್ಲ. ವಿರಳ ಲೋಹಗಳ ಮಿಶ್ರಣವನ್ನು ಗಾಳಿ ತಾಗದಂತೆ ಹುಡಿ ಮಾಡಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಬೇಯಿಸಿದರೆ ಸಿಗುವುದು ಬರೀ ಬಿಲ್ಲೆ. ಕೊನೆಗೊಂದು ಭಾರೀ ವಿದ್ಯುತ್ತಿನ ಪೆಟ್ಟು ಬಿದ್ದ ಮೇಲೆಯೇ ಅದಕ್ಕೆ ಸೆಳೆಯುವ ಬುದ್ಧಿ ಬರುವುದು. ಆ ಪೆಟ್ಟಿಗೆಂದೇ ಅವಳು ಹೆಚ್ಚುವರಿ ವಿದ್ಯುತ್ ಸಂಪರ್ಕ ಕೇಳಿದ್ದಳು.

“ಆಯಸ್ಕಾಂತ ಮಾಡುವವರಿಗೆ ಮಾತ್ರ ಸಂಪರ್ಕ,” ಎಂದರು ಬಂಟ್ವಾಳದ ಆಕರ್ಷಣಾ ಪರಿಶೀಲನಾಧಿಕಾರಿ ಧರ್ಣಪ್ಪ. “ನಿಮ್ಮದು ಅಂಟುವುದಿಲ್ಲ.”

“ಸಂಪರ್ಕ ಕೊಟ್ಟರೆ ಅಂಟ್ತದೆ ಸರ್.”

“ಅಂಟಿದರೆ ಕೊಡ್ತೇವೆ.”

ಇಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲದೆ ಅರ್ಧ ಬೇಸಿಗೆ ಕಳೆಯಿತು. ಪಂಪು ತಯಾರಿಸುವ ಮೂಡುಬಿದಿರೆಯ ಪುಷ್ಪರಾಜರು, “ಈ ವಾರ ಸಿಗದಿದ್ದರೆ ಚೀನಾದಿಂದ ತರಿಸ್ತೇನೆ,” ಎಂದುಬಿಟ್ಟರು. ಇದ್ದೊಬ್ಬ ಗಿರಾಕಿ. ಸಮೀನಾಳಿಗೆ ಊಟ ಸೇರಲಿಲ್ಲ. ಕುಲುಮೆ ಮಾರುವುದೇ ಸರಿ ಅನಿಸಿತು.

ಧರ್ಣಪ್ಪನವರೇನು ಕಟುಕರಲ್ಲ. “ಅಂಟಬೇಕು ಅಂತ ಉಂಟು ಮಾರಾಯ್ತಿ, ಹೇಗೆ ಅಂಟಬೇಕು ಅಂತ ಇಲ್ಲ,” ಎಂದು ತಮ್ಮ ಮನೆಯ ಹಲಸಿನ ಮೇಣವನ್ನೇ ತಂದುಕೊಟ್ಟರು. ಬಿಲ್ಲೆ ಕಿಟಕಿಯ ಸರಳಿಗೆ ಅಂಟಿತು. ಅವರು ಪ್ರಮಾಣಪತ್ರ ಬರೆದರು: “ಆಕರ್ಷಣೆ ತೃಪ್ತಿಕರ. ಸ್ಥಳೀಯ ಸಂಪನ್ಮೂಲದ ಬಳಕೆ ಶ್ಲಾಘನೀಯ.”

ಪರವಾನಗಿಯೂ ಸಂಪರ್ಕವೂ ಬಂದವು. ಬಿಲ್ಲೆಗಳಿಗೆ ಪೆಟ್ಟು ಬಿತ್ತು. ಪುಷ್ಪರಾಜರು ಅಂದೇ ವ್ಯಾನು ಕಳಿಸಿದರು. ಮಾದರಿಯೊಂದು ಕಚೇರಿಯ ಸ್ವತ್ತಾಗತಕ್ಕದ್ದು ಎಂಬ ನಿಯಮದಂತೆ ಸಮೀನಾ ಸಾಬೂನಿನ ಗಾತ್ರದ್ದೊಂದನ್ನು ಮರದ ಪೆಟ್ಟಿಗೆಯಲ್ಲಿಟ್ಟು ಒಯ್ದಳು.

“ಜಾಗ್ರತೆ ಸರ್, ಇದು ಹಿಡಿದರೆ ಬಿಡುವುದಿಲ್ಲ—”

ಅಷ್ಟರಲ್ಲಿ ಧರ್ಣಪ್ಪನವರು ಅದನ್ನೆತ್ತಿಕೊಂಡು ಕಡತಗಳ ಕಬ್ಬಿಣದ ಕಪಾಟಿನತ್ತ ತಿರುಗಿದ್ದರು. ಧಡ್! ಎರಡು ಬಾಗಿಲು ಕೂಡುವಲ್ಲೇ ಅದು ಕಚ್ಚಿಕೊಂಡು ಕಪಾಟು ತೆರೆಯದಂತಾಯಿತು. ಸಿಬ್ಬಂದಿ ಎಳೆದರು, ಆಗಲಿಲ್ಲ. ಹಾರೆ ತಂದರು. ಹಾರೆಯೂ ಅಲ್ಲೇ ಉಳಿಯಿತು.

“ಅಯ್ಯೋ, ನನ್ನಿಂದ ಕಚೇರಿಯ ಕೆಲಸ ನಿಂತಿತಲ್ಲ!” ಎಂದಳು ಸಮೀನಾ.

“ನಿಂತಿತು ಅಂತ ಯಾರು ಹೇಳಿದ್ದು?” ಎಂದರು ಧರ್ಣಪ್ಪ.

ಸಂಜೆಯೊಳಗೆ ಪ್ರಕಟಣೆ ಹೊರಟಿತು: “ಕಡತಗಳು ಕಪಾಟಿನಲ್ಲಿ ಸುರಕ್ಷಿತವಾಗಿವೆ. ಅರ್ಜಿದಾರರು ಎಂದಿನಂತೆ ನಾಳೆ ಬರತಕ್ಕದ್ದು.”

ವರ್ಷವಾಯಿತು. ಅರ್ಜಿದಾರರು ಎಂದಿನಂತೆ ಬರುತ್ತಿದ್ದಾರೆ, ಹೋಗುತ್ತಿದ್ದಾರೆ. ಸೇವೆಯಲ್ಲಿ ವ್ಯತ್ಯಾಸವಾಗಿದೆಯೆಂದು ಒಂದೇ ಒಂದು ದೂರಿಲ್ಲ. ಪರವಾನಗಿಯ ನವೀಕರಣಕ್ಕೆಂದು ಸಮೀನಾಳೂ ಸಾಲಿನಲ್ಲಿ ನಿಲ್ಲುತ್ತಾಳೆ. ನಾಳೆ ಬನ್ನಿ ಎಂದರೆ, “ಆಯ್ತು ಸರ್, ಬರ್ತೇನೆ,” ಎನ್ನುತ್ತಾಳೆ.