ಸರಿದು ಜಾಗ ಕೊಡುವ ಕರ್ಸರ್

ನಮ್ಮ ವೈನಿಯ ಬಾಯಿಂದ ಗಂಡನ ಹೆಸರು ಹೊರಡಿಸುವವರು ಬ್ಯಾಡಗಿಯಲ್ಲಿ ಇನ್ನೂ ಹುಟ್ಟಿಲ್ಲ! ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಮದುವೆಯಾಗಿ ಮನೆಗೆ ಬಂದ ದಿನ, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇನೇ ಒಳಗೆ ಬಿಡುವುದೆಂದು ನಾವೆಲ್ಲ ಬಾಗಿಲಿಗೆ ಅಡ್ಡ ನಿಂತೆವು. ಈ ಮಹಾತಾಯಿ ಹೊಸ್ತಿಲ ಹೊರಗೇ ಕೂತುಬಿಟ್ಟರು! ಕೊನೆಗೆ ಹಸಿವು ತಾಳದೆ ಅಣ್ಣ ತನ್ನ ಹೆಸರನ್ನು ತಾನೇ ಹೇಳಿ ಒಳಗೆ ನುಗ್ಗಿದ. ಅಂದಿನಿಂದ ಅವನದೊಂದೇ ಗೋಳು: “ಊರ ಹುಡುಗರದೆಲ್ಲ ಹಾಜರಿ ಕರೀತಿ, ನನ್ನ ಹೆಸರೊಂದು ಬಿಟ್ಟು.”

ರಿಟೈರ್ ಆದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಗ್ರಾಫ್ ಬಿಡಿಸುವ ಕ್ಯಾಲ್ಕ್ಯುಲೇಟರ್ ತಂದುಕೊಟ್ಟಳು. ಅಬ್ಬಾ, ಅಂಗೈಯಗಲದ ಯಂತ್ರದಲ್ಲಿ ಬೆಟ್ಟ ಕಣಿವೆಗಳು ಏಳುವುದೇನು! ವೈನಿಗೆ ಮಾತ್ರ ಮೋಹ ಹುಟ್ಟಿದ್ದು ಕರ್ಸರ್ ಮೇಲೆ. ಕರಿ ಚೌಕ ಮಿಣುಕಿದರೆ ಅದಕ್ಕೆ ಅಂಕಿ ಬೇಕು. ಆಲ್ಫಾ ಗುಂಡಿ ಒತ್ತಿದರೆ ಅದರ ಹೊಟ್ಟೆಯಲ್ಲಿ ‘ಎ’ ಮೂಡುತ್ತದೆ, ಆಗ ಅಕ್ಷರ ಬೇಕು. “ಮೊದ್ಲು ಅದರ ಮಾರಿ ನೋಡವಾ, ಆಮ್ಯಾಲೆ ಬಟನ್ ಒತ್ತು,” ಎಂದು ನನಗೆ ಪಾಠ.

ಅಲ್ಲಿ ನನ್ನ ಕಾನ್ವೆಂಟ್ ಇಂಗ್ಲಿಷ್ ಯಾವ ಉಪಯೋಗಕ್ಕೂ ಬರಲಿಲ್ಲ. ಬಿಟ್ಟುಹೋದ ಅಕ್ಷರ ಸೇರಿಸಲು ಹೋದರೆ ಆ ಚೌಕ ಇದ್ದ ಅಕ್ಷರವನ್ನೇ ನುಂಗಿತು. ಹೌ ರೂಡ್! ವೈನಿ ನಡುವೆ ಸೇರಿಸುವ ಇನ್ಸರ್ಟ್ ಗುಂಡಿ ಒತ್ತಿದರು. ಚೌಕ ಹೋಗಿ ಅಡಿಗೆರೆಯೊಂದು ಮಿಣುಕಿತು.

“ಆ ಚೌಕ ಹಾವೇರಿ ಬಸ್ಸಿನಾಗ ಮಂದಿ ತೊಡಿ ಮ್ಯಾಲೇ ಕುಂದ್ರೂ ಪೈಕಿ. ಈ ಗೆರಿ ಹಂಗಲ್ಲ, ‘ಸ್ವಲ್ಪ ಸರೀರಿ’ ಅಂತ ಕೇಳಿ ಕುಂದ್ರತೈತಿ.”

ಆಮೇಲೆ ವೈನಿಗೆ ಗಂಟಲಿನ ಆಪರೇಷನ್ ಆಯಿತು. ಸದ್ಯ ಒಂದು ಮಾತೂ ಆಡಬಾರದು, ದನಿ ಮರಳುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಕಾಗದ ಪೆನ್ನು ಕೊಟ್ಟರೆ ವೈನಿ ಮುಟ್ಟಬೇಕಲ್ಲ? ಮಾತೆಲ್ಲ ಕ್ಯಾಲ್ಕ್ಯುಲೇಟರಿನಲ್ಲೇ! ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರಗಳಲ್ಲಿ ಅಪ್ಪಟ ಬ್ಯಾಡಗಿ ಕನ್ನಡ. ‘ಸಾರಿಗೆ ಉಪ್ಪಿಲ್ಲ’ ಎಂಬುದನ್ನು ಓದಿದರೂ ಟೆಲಿಗ್ರಾಂ ಬಂದಂತೆ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಒಂದು ಮಧ್ಯಾಹ್ನ ಊಟ ಮುಗಿಸಿ ಮೂವರೂ ಪಡಸಾಲೆಯಲ್ಲಿ ಕೂತಿದ್ದೆವು. ಅಣ್ಣ ಎಂದಿನಂತೆ ಕೆಣಕಲು ಹೋದ. “ಇನ್ನ ನಿನ್ನ ಬಾಯಿಲೆ ನನ್ನ ಹೆಸರು ಕೇಳೂದು ಮುಗೀತು ಬಿಡು.” ಮಾತು ಚೇಷ್ಟೆಯದು, ನೋಟ ಮಾತ್ರ ವೈನಿಯ ಕೊರಳ ಮೇಲಿತ್ತು.

ವೈನಿ ಯಂತ್ರ ತೆಗೆದು ತಮ್ಮ ಹೆಸರು ಒತ್ತಿದರು. ಬಾಣದ ಗುಂಡಿಯಿಂದ ಕರ್ಸರನ್ನು ಹಿಂದಕ್ಕೆ, ಮೊದಲ ಅಕ್ಷರಕ್ಕೆ ತಂದರು. ಇನ್ಸರ್ಟ್. ಆಮೇಲೆ ಒಂದೊಂದಾಗಿ ಅಕ್ಷರಗಳು ಬಂದವು. ಪ್ರತಿ ಅಕ್ಷರಕ್ಕೂ ವೈನಿಯ ಹೆಸರು ಒಂದಿಷ್ಟು ಸರಿದು ಜಾಗ ಕೊಟ್ಟಿತು. ಅಣ್ಣನ ಹೆಸರು!

ಅಣ್ಣ ಕನ್ನಡಕ ಒರೆಸಿಕೊಂಡು ಓದಿದ. ಓದುತ್ತಲೇ ಇದ್ದ. ಸುಮ್ಮನೆ ಬಿಟ್ಟರೆ ತಾನಾಗಿ ಆರುವ ಯಂತ್ರವದು, ಪರದೆ ಖಾಲಿಯಾಯಿತು.

“ಹೋತಲ್ಲ,” ಎಂದ, ಮಗುವಿನಂತೆ.

ವೈನಿ ಅವನ ಬೆರಳು ಹಿಡಿದು ಆನ್ ಗುಂಡಿಯ ಮೇಲೆ ಒತ್ತಿಸಿದರು. ಎರಡೂ ಹೆಸರು ಅಂಟಿಕೊಂಡು ಹಾಗೇ ಕೂತಿದ್ದವು. ವೈನಿಯ ಹೆಸರಿನಡಿ ಆ ಸಣ್ಣ ಗೆರೆ ಮಿಣುಕುತ್ತಲೇ ಇತ್ತು.