ಕೊಟ್ರಯ್ಯನಿಗೆ ಸಿಟ್ಟು ಬಾರದ ದಿನ

ಎಲ್ಲಕ್ಕೂ ಮೂಲ, ಬೆಳಿಗ್ಗೆ ಕರೆಂಟು ಹೋದದ್ದು.

ಮೆಟ್ರಿ ಊರಿನ ಕೊಟ್ರಯ್ಯನ ಮನೆಗೂ ಅವನ ಅಕ್ಕಿ ಗಿರಣಿಗೂ ನಡುವೆ ಒಂದೇ ಗೋಡೆ. ಗಿರಣಿಯ ಸದ್ದಿಗಿಂತ ಅವನ ಸಿಟ್ಟಿನ ಸದ್ದು ದೊಡ್ಡದೆಂದು ಕಂಪ್ಲಿಯವರೆಗೂ ಹೆಸರು. ದಿನವೂ ಸ್ನಾನ ಮಾಡಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುತ್ತಿದ್ದ. ಆದರೆ ಕಣ್ಣು ಲಿಂಗದ ಮೇಲೆ, ಕಿವಿ ಗಿರಣಿಯ ಮೇಲೆ. ಮಂತ್ರದ ನಡುವೆಯೇ ಹಮಾಲರಿಗೆ ಬೈಗುಳ ಸಲ್ಲುತ್ತಿತ್ತು.

ಆ ದಿನ ಮೋಟಾರು ಗಕ್ಕನೆ ನಿಂತಿತು. ಬೈಯಲು ಬಾಯಿ ತೆರೆದ ಕೊಟ್ರಯ್ಯನಿಗೆ ಎಂದೂ ಕಾಣದ್ದು ಕಂಡಿತು. ಒಳಗೆ ಸಿಟ್ಟು ಏಳುತ್ತಿದೆ; ಅದನ್ನು ನೋಡುವವನು ಬೇರೆಯೇ ಸುಮ್ಮನೆ ಕೂತಿದ್ದಾನೆ. ನೋಡನೋಡುತ್ತಲೇ ಸಿಟ್ಟು, ತಪ್ಪು ಬಸ್ಸು ಹತ್ತಿದವನ ಹಾಗೆ, ತಲೆ ತಗ್ಗಿಸಿ ಇಳಿದುಹೋಯಿತು. ಅದರ ಹಿಂದೆ 'ನಾನು' ಎಂಬುದೂ ಇಳಿಯಿತು. ಅಂಗೈಯ ಲಿಂಗ, ಕಿಟಕಿಯ ಬಿಸಿಲು, ಗೋಡೆಯಾಚೆ ಕೆಮ್ಮುವ ಹಮಾಲ, ಯಾವುದೂ ತನ್ನಿಂದ ಬೇರೆ ಅನ್ನಿಸಲಿಲ್ಲ. ಅವನ ಕೆನ್ನೆಯ ಮೇಲೆ ನೀರಿಳಿಯಿತು.

ಹೆಂಡತಿ ಅಕ್ಕನಾಗಮ್ಮ ಮಂಡಕ್ಕಿ ಒಗ್ಗರಣೆ ತಂದಿಟ್ಟಳು. ಕೊಟ್ರಯ್ಯ ತಟ್ಟೆ ಖಾಲಿ ಮಾಡಿ, "ಚಲೋ ಆಗೈತಿ" ಎಂದ. ಪೇಪರ್ ಓದಲು ಬಂದಿದ್ದ ಪಕ್ಕದ ಮನೆಯ ಪಕ್ಕೀರಪ್ಪ ತನ್ನ ತಟ್ಟೆಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಂಡವನು ಬೆಚ್ಚಿಬಿದ್ದ.

"ಕೊಟ್ರಯ್ಯ, ಇದಕ್ಕ ಉಪ್ಪ ಇಲ್ಲಲ್ಲೋ!"

"ಇಲ್ದಿದ್ರ ಏನಾತು? ಸಿಟ್ಟ ಬರವಲ್ದು ನೋಡಪಾ."

ಪಕ್ಕೀರಪ್ಪ ಪೇಪರ್ ಅಲ್ಲೇ ಬಿಟ್ಟು ಎದ್ದ. ಸುದ್ದಿ ಮುಟ್ಟಿಸುವುದರಲ್ಲಿ ಅವನ ಮುಂದೆ ಮೊಬೈಲೂ ನಿಧಾನ.

ಗಿರಣಿಯಲ್ಲಿ ಒಬ್ಬ ಹಮಾಲನ ಬೆನ್ನಿನಿಂದ ಚೀಲ ಜಾರಿ, ಒಡೆದು, ಅಕ್ಕಿಯೆಲ್ಲ ಮಣ್ಣುಪಾಲಾಯಿತು. ಎಲ್ಲರೂ ಕಿವಿ ಮುಚ್ಚಿಕೊಳ್ಳಲು ಸಿದ್ಧರಾದರು. ಕೊಟ್ರಯ್ಯ ತಾನೇ ಕುಕ್ಕರಗಾಲಲ್ಲಿ ಕೂತು ಅಕ್ಕಿ ಬಳಿಯತೊಡಗಿದ. "ಬೆನ್ನಿಗೆ ಪೆಟ್ಟಾತೇನಪಾ?" ಎಂದು ಕೇಳಿದ. ಹಮಾಲ ಗಡಗಡ ನಡುಗಿದ. ಬೈಗುಳವಾದರೆ ಅವನಿಗೆ ರೂಢಿಯಿತ್ತು.

ಗಿರಣಿ ನೋಡಿಕೊಳ್ಳುತ್ತಿದ್ದ ಅಕ್ಕನ ಮಗ ಈಶ್ವರ್ ಓಡಿಬಂದ. "ಮಾವಾ, ಆರಾಮ ಅದೀರಲ್ಲ? ಜಲ್ದಿ ಏಳ್ರಿ, ಕಂಪ್ಲಿಗೆ ಹೋಗಾಣು."

ಕಂಪ್ಲಿಯ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು, ಬಿಚ್ಚಿದರು, ಮತ್ತೆ ಕಟ್ಟಿದರು. "ನಾರ್ಮಲ್ ಐತಿ" ಎಂದವರೇ ಚಿಂತೆಗೆ ಬಿದ್ದರು. "ಇವರಿಗೆ ನಾರ್ಮಲ್ ಬರಬಾರ್ದು. ಮಷೀನ್ ಕೆಟ್ಟಿರಬೇಕು."

ಸಂಜೆ ಮನೆಗೆ ಬರುವಷ್ಟರಲ್ಲಿ ಅಂಗಳದ ತುಂಬ ಜನ. ಗಾಳಿ ಸೋಕಿದೆ ಎಂದು ಊರಲ್ಲಿ ದೃಷ್ಟಿ ತೆಗೆಯುವ ರೇಣುಕಮ್ಮ ನಿಂಬೆಹಣ್ಣು ನಿವಾಳಿಸಿ, ಬೇವಿನ ಹೊಗೆ ಹಾಕಿದಳು. ಹೊಗೆ ಮೂಗಿಗೇರಿ ಕೊಟ್ರಯ್ಯ ಸೀನಿದ, ಆದರೂ ನಕ್ಕ. ಅಷ್ಟು ಸಾಕಾಯಿತು ಪಕ್ಕೀರಪ್ಪನಿಗೆ. "ಗಾಳೀನೂ ಅಲ್ಲ, ಗೀಳೀನೂ ಅಲ್ಲ. ಜ್ಞಾನ ಆಗೈತಿ! ಕೊಟ್ರಯ್ಯ ಅಪ್ಪೋರು ಸಿಟ್ಟ ಗೆದ್ದಾರ. ಯಾರಿಗೆ ಅನುಮಾನ ಐತಿ, ಬಂದು ಪರೀಕ್ಷಾ ಮಾಡ್ರಿ!"

ಎಷ್ಟೋ ವರ್ಷದಿಂದ ಬೈಸಿಕೊಂಡವರಿಗೆ ಇದಕ್ಕಿಂತ ಒಳ್ಳೆಯ ಹಬ್ಬ ಯಾವುದು? ಒಬ್ಬ ನಿನ್ನ ಅಕ್ಕಿಯಲ್ಲಿ ಬರೀ ಕಲ್ಲು ಎಂದ. ಇನ್ನೊಬ್ಬ ಜಿಪುಣ ಎಂದ. ಕೊಟ್ರಯ್ಯ ಎಲ್ಲಕ್ಕೂ ಕೈ ಮುಗಿದ. ಕೈ ಮುಗಿಯುತ್ತಿದ್ದಂತೆ ಒಳಗೆ ಸಣ್ಣದೊಂದು ಸದ್ದಾಯಿತು: ನೋಡ್ರಿ, ನಾನು ಹೆಂಗ ತಡಕೊಂಡೀನಿ! ಬೆಳಿಗ್ಗೆ ಇಳಿದುಹೋಗಿದ್ದವನು ಹಿಂಬಾಗಿಲಿನಿಂದ ಹತ್ತಿ ಕೂತದ್ದು ಅವನಿಗೆ ತಿಳಿಯಲಿಲ್ಲ.

ಜನ ಪಾದಕ್ಕೆ ಬೀಳತೊಡಗಿದರು. ಪಕ್ಕೀರಪ್ಪ ಎದೆಯುಬ್ಬಿಸಿ ನಿಂತ. "ಸುಮ್ನ ಬಂತೇನ್ರಿ ಇದು? ದಿನಾ ಪೇಪರ್ ಓದಾಕ ಬಂದಾಗ ನಾನ ಇವನಿಗೆ ಬುದ್ಧಿ ಹೇಳ್ತಿದ್ದೆ. ಒಂದು ಲೆಕ್ಕದಾಗ ಇದು ನಂದ ಜ್ಞಾನ."

"ಲೇ ಪಕ್ಕೀರಾ!"

ಗೋಡೆಯ ಹಲ್ಲಿ ಕೆಳಗೆ ಬಿತ್ತು.

"ಯಾರದಲೇ ಜ್ಞಾನ? ಬಂದದ್ದು ನನಗ! ನನಗ! ಪುಕ್ಕಟೆ ಪೇಪರ್ ಓದಿ, ಚಾ ಕುಡಿದು, ಈಗ ಜ್ಞಾನಕ್ಕೂ ಕೈ ಹಚ್ಚಿದೇನ? ಎಲ್ಲಾರೂ ಎದ್ದ ಹೋಗ್ರಿ, ಇಲ್ಲಂದ್ರ ಕೋಲ ತರ್ತೀನಿ!"

ಮರುಕ್ಷಣ ಅಂಗಳವೇ ನಿಟ್ಟುಸಿರುಬಿಟ್ಟಿತು. ಈಶ್ವರ್ ಕಣ್ಣೊರೆಸಿಕೊಂಡ. "ಮಾವ ಆರಾಮ ಆದ್ರು!" ರೇಣುಕಮ್ಮ ತನ್ನ ನಿಂಬೆಹಣ್ಣಿನ ಮಹಿಮೆ ಹೇಳುತ್ತ ಹೊರಟಳು. ಹಮಾಲರು ನಗುನಗುತ್ತ ಹೋದರು.

ಕೊಟ್ರಯ್ಯ ಒಬ್ಬನೇ ಪೂಜೆಯ ಕೋಣೆಗೆ ಹೋಗಿ ಲಿಂಗ ಹಿಡಿದು ಕೂತ. ಬೆವರು ಬಂತು, ಅದು ಬರಲಿಲ್ಲ. ಹೊರಬಂದಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಅಕ್ಕನಾಗಮ್ಮ ನೀರು ಕೊಟ್ಟಳು.

"ನಿನಗ ಹೆಂಗ ಹೇಳ್ಲಿ ನಾಗಿ," ಎಂದ. "ಮುಂಜಾನಿ ನಾನು ಅನ್ನೋದ ಇರಲಿಲ್ಲ. ಎಲ್ಲಾ ಒಂದ ಇತ್ತು. ಕೈಯಾಗ ಬಂದದ್ದು ಹೋತು."

"ಗೊತ್ತೈತಿ," ಎಂದಳು ಅವಳು. "ಕಾವ್ಯ ಹೊಟ್ಟ್ಯಾಗ ಇದ್ದಾಗ, ಅಕ್ಕಿ ಹಸನ ಮಾಡ್ಕೋತ ಕುಂತಿದ್ದೆ. ನನಗೂ ಹಂಗ ಆತು."

ಕೊಟ್ರಯ್ಯ ಲೋಟ ಕೆಳಗಿಟ್ಟ. ಮಗಳು ಕಾವ್ಯಳಿಗೆ ಮದುವೆಯಾಗಿ, ಅವಳ ಮಗ ಈಗ ಶಾಲೆಗೆ ಹೋಗುತ್ತಿದ್ದ.

"ಆಮ್ಯಾಲೆ? ಯಾವಾಗ ಹೋತು?"

"ಹೋಗಿಲ್ರಿ."

ಅವನು ಅವಳ ಮುಖವನ್ನೇ ನೋಡಿದ. ಇಷ್ಟು ವರ್ಷ ತಾನು ಎಸೆದ ತಟ್ಟೆಗಳನ್ನು ಸುಮ್ಮನೆ ಆಯ್ದುಕೊಂಡು ಒಳಗೆ ಹೋಗುತ್ತಿದ್ದವಳ ಮುಖ. ಅದು ಹೆದರಿಕೆ ಎಂದುಕೊಂಡಿದ್ದನಲ್ಲ!

"ಮತ್ತ ಯಾಕ ಯಾರಿಗೂ ಹೇಳ್ಲಿಲ್ಲ?"

"ಹೇಳಬೇಕು ಅಂತ ಅನ್ನಿಸಾಕ ಒಳಗ ಯಾರ ಇದ್ರು?" ಎಂದು ಅಕ್ಕನಾಗಮ್ಮ ನಕ್ಕಳು.

ಆ ನಗೆಯ ಮುಂದೆ ಕೊಟ್ರಯ್ಯನ ಕೈಗಳು ತಾವಾಗಿಯೇ ಮುಗಿಯಲು ಹೊರಟವು. ಅರ್ಧದಲ್ಲೇ ಏನೋ ಹೊಳೆದು ನಿಂತವು. ಮುಖ ಕೆಂಪೇರಿತು.

"ಅಂದ್ರ," ಎಂದು ಅವನು ಗುಡುಗಿದ, "ನನಗಿಂತ ಮೊದಲ?"

ಅಕ್ಕನಾಗಮ್ಮ ಅಕ್ಕಿ ತೊಳೆಯಲು ಒಳಗೆ ಹೋದಳು.