ಮಾತಾಡದ ರೋಗಿ ಬೇಕಾಗಿದ್ದಾರೆ

ಡ್ವೇನನ ಹೊಟ್ಟೆಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಬೆಳಿಗ್ಗೆ ಎಂಟೂವರೆಗೆ ಆರ್ಡಿಸ್ ಹಜಾರಕ್ಕೆ ಮಂಚ ಎಳೆದು ತಂದು, ಗಂಡ ಡ್ವೇನನನ್ನು ಅದರ ಮೇಲೆ ಮಲಗಿಸಿ, ಕಪಾಟಿನ ಮೇಲೆ ಮೊಬೈಲ್ ನಿಲ್ಲಿಸಿ ವಿಡಿಯೋ ಶುರು ಮಾಡಿದ್ದಳು. ತಲೆ, ಕಣ್ಣು, ಕಿವಿ, ಕುತ್ತಿಗೆ, ಎದೆ ಎಂದು ಒಂದೂ ತಪ್ಪಿಲ್ಲದೆ ಕೆಳಗಿಳಿದು ಬಂದಳು. ಹೊಟ್ಟೆಯ ಮೇಲೆ ನಾಲ್ಕು ಬೆರಳಿಟ್ಟು ಮೆಲ್ಲಗೆ ಒತ್ತಿದಳು, ಅಷ್ಟೇ. ಡ್ವೇನ್ ಮೊಣಕಾಲು ಮಡಚಿಕೊಂಡು ಕಿಸಕ್ಕನೆ ನಕ್ಕುಬಿಟ್ಟ.

"ಕಚಗುಳಿ ಆಗತ್ತೆ ಕಣೇ. ನಾನೇನ್ ಮಾಡ್ಲಿ."

"ಇಪ್ಪತ್ತಾರು ವರ್ಷ ಆಯ್ತು ಮದ್ವೆಯಾಗಿ. ಇವತ್ತೊಂದಿನ ತಡ್ಕೊಳಕ್ಕಾಗಲ್ವಾ?"

"ಇಪ್ಪತ್ತಾರು ವರ್ಷದಲ್ಲಿ ನೀನು ನನ್ನ ಹೊಟ್ಟೆ ಒತ್ತಿದ್ದೇ ಇವತ್ತು."

ಆರ್ಡಿಸ್ ವಿಡಿಯೋ ಅಳಿಸಿದಳು. ಮಧ್ಯೆ ನಿಲ್ಲಿಸಿ ಮುಂದುವರಿಸುವಂತಿರಲಿಲ್ಲ. ತಲೆಯಿಂದ ಕಾಲ್ಬೆರಳವರೆಗಿನ ಪೂರ್ತಿ ತಪಾಸಣೆ, ಇಪ್ಪತ್ತೈದು ನಿಮಿಷ, ಒಂದೇ ಓಟದಲ್ಲಿ ಮುಗಿಯಬೇಕು. ರೋಗಿಯಾಗಿ ಮಲಗಿದವರು ಸುಳಿವು ಕೊಡಕೂಡದು. ಸಂಜೆ ಐದರೊಳಗೆ ಅದು ಓಹಾಯೋದಲ್ಲಿರುವ ಅವಳ ಮೇಡಮ್ಮಿಗೆ ತಲುಪಬೇಕು. ಎರಡೂವರೆ ವರ್ಷದ ನರ್ಸಿಂಗ್ ದೂರಶಿಕ್ಷಣದಲ್ಲಿ ಉಳಿದದ್ದು ಇದೊಂದೇ.

ಆರ್ಡಿಸ್ ನಮ್ಮೂರ ಕೆರೆದಂಡೆಯ ವೃದ್ಧಾಶ್ರಮದಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರಾಕ್ಟಿಕಲ್ ನರ್ಸು. ಮಾತ್ರೆ ಕೊಡುವುದು, ಹುಣ್ಣಿಗೆ ಪಟ್ಟಿ ಕಟ್ಟುವುದು, ಬಿಪಿ ನೋಡುವುದು ಎಲ್ಲ ಅವಳದೇ. ಆದರೆ ಕಾಯಿದೆಯ ಪ್ರಕಾರ ಪ್ರಾಕ್ಟಿಕಲ್ ನರ್ಸು ರೋಗಿಯನ್ನು ನೋಡಬಹುದು, ನೋಡಿದ್ದನ್ನು ಬರೆಯಬಹುದು, ಅದರಿಂದ ಇಂಥದ್ದು ಎಂದು ತೀರ್ಮಾನಿಸುವಂತಿಲ್ಲ. ತೀರ್ಮಾನಕ್ಕೆ ರಿಜಿಸ್ಟರ್ಡ್ ನರ್ಸೇ ಬರಬೇಕು. ಹೊಸಬರೊಬ್ಬರು ಸೇರಿಕೊಂಡರೆ ಆರ್ಡಿಸ್ ಅವರ ಕೈಹಿಡಿದು ಹಾಸಿಗೆಗೆ ಕರೆದೊಯ್ದು, ಆಮೇಲೆ ಆಶ್ರಮದ ರಿಜಿಸ್ಟರ್ಡ್ ನರ್ಸು ಕೆಲ್ಸಿಯ ದಾರಿ ಕಾಯುತ್ತಾ ನಿಲ್ಲುತ್ತಿದ್ದಳು. ಕೆಲ್ಸಿಗೆ ಇಪ್ಪತ್ತನಾಲ್ಕು ವರ್ಷ. ಬಂದು, ನೋಡಿ, "ಆರ್ಡಿಸ್, ನಿಮಗೇನನ್ಸತ್ತೆ?" ಎಂದು ಪಿಸುಗುಟ್ಟಿ, ಆರ್ಡಿಸ್ ಹೇಳಿದ್ದನ್ನೇ ಬರೆದು, ಕೆಳಗೆ ತನ್ನ ಸಹಿ ಹಾಕಿ ಹೋಗುತ್ತಿದ್ದಳು. ಒಳ್ಳೆಯ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಸಹಿ ನೋಡಿದಾಗೆಲ್ಲ ಆರ್ಡಿಸ್ ಅದರ ಜಾಗದಲ್ಲಿ ತನ್ನ ಹೆಸರನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದಳು.

ಆ ಕೆಲ್ಸಿಯೇ ಈಗ ಮದುವೆಯಾಗಿ ಬೇರೆ ಊರಿಗೆ ಹೊರಟಿದ್ದಳು. ಅವಳ ಜಾಗ ಆರ್ಡಿಸಳಿಗೆಂದು ಆಶ್ರಮದವರು ಜೂನ್‌ವರೆಗೆ ತಡೆಹಿಡಿದಿದ್ದರು. ಇವತ್ತು ಪಾಸಾದರೆ ಮೇ ತಿಂಗಳಲ್ಲಿ ರಾಜ್ಯದ ಪರೀಕ್ಷೆ, ಜೂನ್‌ನಲ್ಲಿ ಆ ಕೆಲಸ. ಇವತ್ತು ತಪ್ಪಿದರೆ ಮತ್ತೆ ಆಗಸ್ಟ್. ಅಷ್ಟರಲ್ಲಿ ಇನ್ನೊಬ್ಬ ಕೆಲ್ಸಿ ಬಂದು ಕೂತಿರುತ್ತಾಳೆ.

ಎರಡನೆಯ ಸಲ ಡ್ವೇನ್ ನಗು ತಡೆದುಕೊಂಡ. ತಡೆದ ನಗು ಬಿಕ್ಕಳಿಕೆಯಾಗಿ ಹೊರಬಂತು. ಆರ್ಡಿಸ್ ನೀರು ಕುಡಿಸಿದಳು, ಉಸಿರು ಹಿಡಿಸಿದಳು, ಸಕ್ಕರೆ ತಿನ್ನಿಸಿದಳು, ಬಿಕ್ಕಳಿಕೆ ನಿಲ್ಲಲಿಲ್ಲ. ಹತ್ತು ಗಂಟೆಗೆ ಹಿಮ ಬೀಳಲು ಶುರುವಾಯಿತು. ಏಪ್ರಿಲ್ ಹನ್ನೊಂದಕ್ಕೆ ಹಿಮ ಬಿದ್ದರೆ ಮಿನೆಸೋಟದಲ್ಲಿ ಯಾರೂ ತಲೆಯೆತ್ತಿಯೂ ನೋಡುವುದಿಲ್ಲ, ಆದರೆ ಡ್ವೇನ್ ಓಡಿಸುವುದು ರಸ್ತೆಯ ಹಿಮ ತಳ್ಳುವ ಲಾರಿ. ಫೋನ್ ಬಂತು. ಅವನು ಬಿಕ್ಕಳಿಸುತ್ತಲೇ ಬೂಟು ಹಾಕಿಕೊಂಡು ಹೋದ. ಹೋಗುವಾಗ ಅವನ ಮುಖದಲ್ಲಿ ಬಿಡುಗಡೆಯ ಕಳೆ ಇತ್ತೆಂದು ಆರ್ಡಿಸಳಿಗೆ ಇವತ್ತಿಗೂ ಗುಮಾನಿ.

ಹತ್ತೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಮರ್ಲಿಸ್. ಕೈಯಲ್ಲಿ ಆವಿಯಾಡುವ ಹಾಟ್‌ಡಿಶ್, ಕೀಮಾದ ಮೇಲೆ ಆಲೂಗೆಡ್ಡೆ ಹಾಸಿ ಒಲೆಯಲ್ಲಿ ಕೆಂಪಗೆ ಬೇಯಿಸಿದ್ದು. ಮುಖದಲ್ಲಿ ಸಾವಿನ ಮನೆಯ ಗಾಂಭೀರ್ಯ.

"ಯಾರಿಗಮ್ಮ? ಡ್ವೇನ್‌ಗಾ?" ಅವರ ದನಿ ಅಡಗಿತ್ತು.

ನಮ್ಮ ಕಡೆ ಮಂಚ ಹಜಾರಕ್ಕೆ ಬಂತೆಂದರೆ ಅದಕ್ಕೆ ಒಂದೇ ಅರ್ಥ. ಮನೆಯಲ್ಲಿ ಯಾರೋ ಮಹಡಿಯ ಮಲಗುವ ಕೋಣೆಗೆ ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿಲ್ಲ, ಇನ್ನು ಹತ್ತುವುದೂ ಇಲ್ಲ. ಮರ್ಲಿಸ್ ತಮ್ಮ ಅಡುಗೆಮನೆಯ ಕಿಟಕಿಯಿಂದ ಮಂಚ ನೋಡಿದ್ದರು, ಅದರ ಮೇಲೆ ಡ್ವೇನ್ ಮಲಗಿದ್ದನ್ನೂ ಆರ್ಡಿಸ್ ಅವನ ಕಣ್ಣಿಗೆ ಟಾರ್ಚ್ ಬಿಟ್ಟದ್ದನ್ನೂ ನೋಡಿದ್ದರು. ಆಮೇಲೆ, ಕಷ್ಟದ ಮನೆಗೆ ಊಟ ಒಯ್ಯಬೇಕಲ್ಲ ಎಂದು, ಒಲೆ ಹಚ್ಚಿದ್ದರು.

"ಡ್ವೇನ್‌ಗೆ ಏನೂ ಆಗಿಲ್ಲ ಮರ್ಲಿಸ್. ಇದು ನನ್ನ ಪರೀಕ್ಷೆ."

ಪೂರ್ತಿ ಕೇಳಿಸಿಕೊಂಡ ಮರ್ಲಿಸ್ ಹಾಟ್‌ಡಿಶ್ ಕೆಳಗಿಟ್ಟು ಕೋಟು ಬಿಚ್ಚಿದರು. "ಅಷ್ಟೇ ತಾನೇ? ನಾನು ಮಲಗ್ತೀನಿ. ಎಪ್ಪತ್ತೊಂದು ವರ್ಷದಿಂದ ಈ ದೇಹ ನಂದೇ, ನಂಗೆ ಅಭ್ಯಾಸ ಇದೆ."

"ಆದ್ರೆ ಮಾತಾಡೋ ಹಾಗಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ."

"ನಾನೇನು ವಾಚಾಳಿನಾ?"

ಆರ್ಡಿಸ್ ವಿಡಿಯೋ ಶುರು ಮಾಡಿದಳು. ರೋಗಿಗೆ ಎಚ್ಚರವಿದೆಯೋ ಇಲ್ಲವೋ ತಿಳಿಯುವುದು ಮೊದಲ ಕೆಲಸ.

"ನಿಮ್ಮ ಹೆಸರು ಹೇಳ್ತೀರಾ?"

ಮರ್ಲಿಸ್ ಕ್ಯಾಮೆರಾದ ಕಡೆ ತಿರುಗಿ ಕಣ್ಣರಳಿಸಿದರು. "ನನ್ ಹೆಸರು ಗೊತ್ತಿಲ್ವಾ ನಿಂಗೆ? ಹತ್ತೊಂಬತ್ತು ವರ್ಷ ಆಯ್ತು ಬೇಲಿ ಹಂಚ್ಕೊಂಡು."

ಮತ್ತೆ ಮೊದಲಿಂದ. ಈ ಸಲ ಅವರು ಹೆಸರು ಹೇಳಿದರು, ತಾರೀಖು ಹೇಳಿದರು, ಆಮೇಲೆ ತುಟಿ ಬಿಗಿದುಕೊಂಡು ಮಲಗಿದರು. ಆರ್ಡಿಸಳ ಕೈ ಚಕಚಕನೆ ಓಡಿತು. ಎದೆ ಮುಗಿಯಿತು, ಹೊಟ್ಟೆ ಮುಗಿಯಿತು, ಮಂಡಿಗೆ ಬಂದಾಗ ಮರ್ಲಿಸರ ಮಂಡಿಯ ಕತೆ ಗಂಟಲವರೆಗೆ ಬಂದು ಹಿಂದಕ್ಕೆ ಹೋದದ್ದು ಕಣ್ಣಿಗೇ ಕಾಣಿಸಿತು. ಇಪ್ಪತ್ತಮೂರನೆಯ ನಿಮಿಷದಲ್ಲಿ ಆರ್ಡಿಸ್ ಪಾದದ ನಾಡಿ ಹಿಡಿದಳು.

ಮರ್ಲಿಸ್ ತುಟಿ ಅಲುಗಿಸದೆ, ಆದರೆ ಇಡೀ ಹಜಾರಕ್ಕೆ ಕೇಳುವಂತೆ, "ಕಿವಿ ಬಿಟ್ಟೆ," ಎಂದರು.

ಆರ್ಡಿಸ್ ಕೈ ತೆಗೆದಳು.

"ಡ್ವೇನ್ ಕಿವಿ ನೋಡಿದ್ದೆ ನೀನು. ನಂದು ನೋಡ್ಲಿಲ್ಲ. ಆಮೇಲೆ ನಿಂಗೆ ಮಾರ್ಕ್ಸ್ ಕಡಿಮೆ ಆಗ್ಬಾರ್ದಲ್ಲ ಅಂತ ಹೇಳ್ದೆ."

ಅದು ನಿಜವೇ. ಕಿವಿ ಮರೆತುಹೋಗಿತ್ತು. ಕೋಪ ಮಾಡಿಕೊಳ್ಳುವುದಕ್ಕೂ ದಾರಿಯಿರಲಿಲ್ಲ, ಒಮ್ಮೆ ಸುಳಿವು ಕೊಟ್ಟವರನ್ನು ಮತ್ತೆ ಮಲಗಿಸುವಂತೆಯೂ ಇರಲಿಲ್ಲ. ಮರ್ಲಿಸರಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ತಪ್ಪು ತಮ್ಮದೆಂದು ಅವರು ಚರ್ಚಿನ ಹೆಂಗಸರಿಗೆಲ್ಲ ಫೋನ್ ಮಾಡಿದರು. ಒಂದು ಗಂಟೆಯ ಹೊತ್ತಿಗೆ ಅಡುಗೆಮನೆಯಲ್ಲಿ ಇನ್ನೂ ಎರಡು ಹಾಟ್‌ಡಿಶ್, ಒಂದು ತಟ್ಟೆ ನಿಂಬೆಯ ಸಿಹಿ, ಮೂವರು ಹೆಂಗಸರು. ಮೂವರೂ ಮಲಗಲು ಸಿದ್ಧ, ಆದರೆ ಮೊದಲು ತಾನು ಮಲಗಿದರೆ ಉಳಿದಿಬ್ಬರಿಗೆ ಬೇಸರವಾದೀತು ಎಂದು ಮೂವರಿಗೂ ಸಂಕೋಚ.

"ನೀವು ಮಲಗಿ."

"ಇಲ್ಲಪ್ಪ, ನೀವು ಮೊದ್ಲು ಬಂದಿದ್ದು."

"ನಂಗೇನು, ನಾನು ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

ಹೀಗೇ ಒಂದೂವರೆ ಗಂಟೆ ಹೋಯಿತು. ಮೂವರೂ ಕಾಫಿಯನ್ನು ಎರಡೆರಡು ಸಲ ಬೇಡವೆಂದು ಮೂರನೆಯ ಸಲ ಕುಡಿದು, ಬಾಗಿಲ ಬಳಿ ನಿಂತು ಇಪ್ಪತ್ತು ನಿಮಿಷ ಹೊರಡುತ್ತೇವೆಂದು ಹೇಳಿ, ಕೊನೆಗೆ ಹೊರಟೇಹೋದರು. ಯಾರೂ ಮಲಗಲಿಲ್ಲ. ಆರ್ಡಿಸ್ ಖಾಲಿ ಮಂಚದ ತುದಿಯಲ್ಲಿ ಕೂತಳು. ಗಂಟೆ ಮೂರಾಗುತ್ತಿತ್ತು. ಅಳು ಬರುವ ಹಾಗಿತ್ತು, ಅದನ್ನು ಮುಚ್ಚಿಡಲು ಅವಳು ಹೋಗಲೂ ಇಲ್ಲ.

"ನಂಗೆ ಮಾತಾಡದ ಮನುಷ್ಯ ಒಬ್ಬ ಬೇಕು ಮರ್ಲಿಸ್. ಒಬ್ಬ ಸಾಕು."

ಮರ್ಲಿಸ್ ಪಾತ್ರೆ ಒರೆಸುತ್ತಿದ್ದವರು ನಿಂತರು. "ಸೆಲ್ಮರ್," ಎಂದರು.

ಸೆಲ್ಮರ್ ಬ್ರೆಕಿ ಎಂಬತ್ತಮೂರರ ಮುದುಕ, ಒಂದು ಕಾಲದಲ್ಲಿ ಹಾಲಿನ ದನ ಸಾಕಿದ್ದವರು. ತಮ್ಮ ಮದುವೆಯಲ್ಲಿ ಪಾದ್ರಿ ಎರಡು ಸಲ ಕೇಳಿದ ಮೇಲೆ "ಹೂಂ" ಅಂದವರು ಎಂದು ಊರಲ್ಲಿ ಪ್ರಸಿದ್ಧಿ. ಹೇಗಿದ್ದೀರಿ ಎಂದರೆ "ಪರವಾಗಿಲ್ಲ" ಎನ್ನುವುದು ನಮ್ಮೂರಲ್ಲಿ ಎಲ್ಲರೂ ಮಾಡುವುದೇ. ಸೆಲ್ಮರ್ ಅದನ್ನು ಕೊಟ್ಟಿಗೆಯ ತೊಲೆ ಕಾಲ ಮೇಲೆ ಬಿದ್ದಾಗಲೂ ಹೇಳಿದ್ದರು.

ಮೂರೂವರೆಗೆ ಅವರು ಬಂದರು. ಕೋಟು ಬಿಚ್ಚಿದರು, ಅಂಗಿ ಬಿಚ್ಚಿದರು, ದಪ್ಪ ಬನಿಯನ್ನಿನ ಹತ್ತಿರ ಕೈ ನಿಲ್ಲಿಸಿ ಆರ್ಡಿಸಳ ಮುಖ ನೋಡಿದರು.

"ಅದಿರ್ಲಿ ಸೆಲ್ಮರ್. ಒಳಗಿಂದ ಕೈ ಹಾಕಿ ನೋಡ್ತೀನಿ. ನಾನು ಏನೇ ಹೇಳಿದ್ರೂ ನೀವು ಮಧ್ಯೆ ಬಾಯಿ ಹಾಕ್ಬಾರ್ದು. ತಪ್ಪಾದ್ರೂ ಸರಿ."

ಸೆಲ್ಮರ್ ತಲೆಯಾಡಿಸಿದರು. ಮರ್ಲಿಸರನ್ನು ಅಡುಗೆಮನೆಗೆ ಹಾಕಿ ಬಾಗಿಲು ಮುಚ್ಚಲಾಯಿತು.

ಅಂಥ ರೋಗಿಯನ್ನು ಆರ್ಡಿಸ್ ತನ್ನ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಹೆಸರು ಕೇಳಿದರೆ ಹೆಸರು. ನಾಲಿಗೆ ಕೇಳಿದರೆ ನಾಲಿಗೆ. ನೋವು ಏನಾದರೂ ಎಂದಾಗ "ಇನ್ನೂ ಜಾಸ್ತಿ ಇರ್ಬೋದಿತ್ತು" ಎಂದರು, ಅದನ್ನು ಅವಳು "ನೋವಿಲ್ಲ" ಎಂದು ಕ್ಯಾಮೆರಾಕ್ಕೆ ಹೇಳಿ ಮುಂದೆ ಹೋದಳು. ಕಿವಿ ನೋಡಿದಳು, ಎರಡು ಸಲ ನೋಡಿದಳು. ಸ್ಟೆತಸ್ಕೋಪನ್ನು ಬನಿಯನ್ನಿನೊಳಗೆ ತೂರಿಸಿ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಇಟ್ಟಳು. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. "ಉಸಿರಿನ ಸದ್ದು ಎರಡೂ ಕಡೆ ಸ್ಪಷ್ಟ, ಸಮ," ಎಂದು ಗಂಟೆ ಬಾರಿಸಿದಂತೆ ನುಡಿದು ಹೊಟ್ಟೆಗಿಳಿದಳು. ಸೆಲ್ಮರ್‌ಗೆ ಕಚಗುಳಿಯೂ ಆಗಲಿಲ್ಲ. ಇಪ್ಪತ್ತನಾಲ್ಕು ನಿಮಿಷಕ್ಕೆ ಕಾಲ್ಬೆರಳು ಮುಗಿಯಿತು.

ನಾಲ್ಕು ಹತ್ತಕ್ಕೆ ವಿಡಿಯೋ ಓಹಾಯೋಕ್ಕೆ ಹೋಯಿತು. ಆರ್ಡಿಸ್ ಮರ್ಲಿಸರನ್ನು ಅಪ್ಪಿಕೊಂಡಳು. ನಮ್ಮೂರಲ್ಲಿ ಅದು ಹೆರಿಗೆಗೆ, ಸಾವಿಗೆ ಮಾತ್ರ ನಡೆಯುವ ಕೆಲಸ, ಮರ್ಲಿಸ್ ಕಕ್ಕಾಬಿಕ್ಕಿಯಾಗಿ ಅವಳ ಬೆನ್ನು ತಟ್ಟಿದರು. ಅಷ್ಟರಲ್ಲಿ ಡ್ವೇನನೂ ಬಂದ, ಬಿಕ್ಕಳಿಕೆ ನಿಂತಿತ್ತು. ಹಾಟ್‌ಡಿಶ್ ಬಿಸಿ ಮಾಡಿದರು.

"ಜೂನ್‌ನಲ್ಲಿ ಸಹಿ ನಂದೇ," ಎಂದಳು ಆರ್ಡಿಸ್. ಎರಡೂವರೆ ವರ್ಷದ ನಿದ್ದೆಗೆಟ್ಟ ಮುಖ ಹಗುರವಾಗಿತ್ತು. "ನಾನೇ ನೋಡ್ತೀನಿ, ನಾನೇ ತೀರ್ಮಾನ ಮಾಡ್ತೀನಿ, ನಾನೇ ಸಹಿ ಹಾಕ್ತೀನಿ."

ಇನ್ನುಳಿದದ್ದು ಒಂದು ಹಾಳೆ. ತಪಾಸಣೆ ಮುಗಿದ ಮೇಲೆ ರೋಗಿ ತನ್ನ ಕೈಯಾರೆ ತುಂಬಿ ಸಹಿ ಹಾಕುವ ಆರೋಗ್ಯದ ವಿವರ. ವಿದ್ಯಾರ್ಥಿ ಕಂಡದ್ದಕ್ಕೂ ರೋಗಿ ಬರೆದದ್ದಕ್ಕೂ ತಾಳೆ ನೋಡುವುದು ಮೇಡಮ್ಮಿನ ಕ್ರಮ. ಸೆಲ್ಮರ್ ಕನ್ನಡಕ ಏರಿಸಿ, ಪೆನ್ನು ಒತ್ತಿ ಹಿಡಿದು, ನಿಧಾನವಾಗಿ ಬರೆದು, ಹಾಳೆಯನ್ನು ಅವಳ ಕಡೆ ಸರಿಸಿದರು. ಆರ್ಡಿಸ್ ಬಾಯಲ್ಲಿ ತುತ್ತಿಟ್ಟುಕೊಂಡೇ ಓದಿದಳು.

ಶಸ್ತ್ರಚಿಕಿತ್ಸೆಗಳು ಎಂಬ ಗೆರೆಯ ಮುಂದೆ ದುಂಡಗೆ ಬರೆದಿತ್ತು: ಎಡ ಶ್ವಾಸಕೋಶ ತೆಗೆದಿದ್ದಾರೆ, 1971.

ಅವಳು ಚಮಚ ಕೆಳಗಿಟ್ಟು ಆ ಗೆರೆಯನ್ನು ಇನ್ನೊಮ್ಮೆ ಓದಿದಳು.

"ಸೆಲ್ಮರ್, ಇದು..."

"ಪೂರ್ತಿ ತೆಗೆದ್ರು."

"ನಾನು ಎರಡೂ ಕಡೆ ಸಮ ಅಂದಾಗ ಯಾಕೆ ಸುಮ್ನಿದ್ರಿ?"

"ಬಾಯಿ ಹಾಕ್ಬೇಡಿ, ತಪ್ಪಾದ್ರೂ ಸರಿ ಅಂದಿದ್ದೆ ನೀನು," ಎಂದರು ಸೆಲ್ಮರ್. ಸ್ವಲ್ಪ ತಡೆದು, "ನೀನು ಅಷ್ಟು ಗಟ್ಟಿಯಾಗಿ ಹೇಳಿದ್ಯಲ್ಲಮ್ಮ. ಐವತ್ತು ವರ್ಷದ ಮೇಲಾಯ್ತು, ಮತ್ತೆ ಬೆಳೆದಿದ್ರೂ ಬೆಳೆದಿರ್ಬೋದು ಅನ್ಕೊಂಡೆ. ಒಂದು ಗಳಿಗೆ ಖುಷಿನೂ ಆಯ್ತು," ಎಂದರು. ಅದು ಅವರ ಜೀವಮಾನದ ದೊಡ್ಡ ಭಾಷಣ.

ಮರ್ಲಿಸ್ ಹತ್ತಿರ ಬಂದು ದನಿ ತಗ್ಗಿಸಿದರು. "ಇನ್ನೊಂದು ಹಾಳೆ ಇರ್ಬೇಕಲ್ಲ. ಆ ಗೆರೆ ಖಾಲಿ ಬಿಟ್ರಾಯ್ತು. ಓಹಾಯೋದವ್ರು ಇಲ್ಲಿಗೆ ಬಂದು ಸೆಲ್ಮರ್‌ನ ಬಗೆದು ನೋಡ್ತಾರಾ?"

"ಬೇಕಾದ್ರೆ ಬೇರೆ ಬರ್ಕೊಡ್ತೀನಿ," ಎಂದರು ಸೆಲ್ಮರ್.

ಡ್ವೇನ್ ಹೆಂಡತಿಯನ್ನೇ ನೋಡುತ್ತಿದ್ದ. ನಾಲ್ಕು ಮುಕ್ಕಾಲಾಗಿತ್ತು. ಆರ್ಡಿಸ್ ಎದ್ದು ಸ್ಟೆತಸ್ಕೋಪ್ ತಂದು, ಗಡಿಯಾರಕ್ಕೆ ಬೆನ್ನು ಮಾಡಿ ಕೂತು, ಸೆಲ್ಮರರ ಎಡ ಬೆನ್ನಿಗೆ ಇಟ್ಟಳು. ಕಣ್ಣು ಮುಚ್ಚಿ ಕೇಳಿದಳು. ಉಸಿರಿನ ಸದ್ದೇ ಇಲ್ಲ. ಪ್ರಾಕ್ಟಿಕಲ್ ನರ್ಸಾಗಿ ದಿನಕ್ಕೆ ಮೂವತ್ತು ಎದೆ ಕೇಳುವವಳು ಅವಳು, ಇದು ಯಾವತ್ತೂ ತಪ್ಪುತ್ತಿರಲಿಲ್ಲ. ರಿಜಿಸ್ಟರ್ಡ್ ನರ್ಸಾಗುವ ಅವಸರದಲ್ಲೇ ತಪ್ಪಿದ್ದು. ನಾಚಿಕೆಯಾಯಿತು, ಒಳಗೊಳಗೇ ಬೆಂದುಹೋದಳು.

ಅವಳು ಹಾಳೆಯ ಫೋಟೋ ತೆಗೆದು, ಇದ್ದದ್ದನ್ನು ಇದ್ದ ಹಾಗೆಯೇ ಕಳಿಸಿದಳು. ಹತ್ತು ನಿಮಿಷದಲ್ಲಿ ಮೇಡಮ್ಮಿನ ಉತ್ತರ ಬಂತು. ಕೈ ಬಹಳ ಚುರುಕು, ಕಿವಿಗಳ ತಪಾಸಣೆ ವಿಶೇಷವಾಗಿ ಚೆನ್ನಾಗಿದೆ, ಆಗಸ್ಟ್‌ನಲ್ಲಿ ಮತ್ತೆ ಪ್ರಯತ್ನಿಸಿ.

ಡ್ವೇನ್ ಹೆಂಡತಿಯ ತಟ್ಟೆಗೆ ನಿಂಬೆಯ ಸಿಹಿ ಹಾಕಿದ.

"ಆಗಸ್ಟ್‌ಗೂ ನಾನೇ ಬರ್ತೀನಿ," ಎಂದರು ಸೆಲ್ಮರ್ ಕೋಟು ಹಾಕಿಕೊಳ್ಳುತ್ತಾ.

"ನೀವು ಬರೋ ಹಾಗಿಲ್ಲ," ಎಂದರು ಮರ್ಲಿಸ್. ಅಷ್ಟರಲ್ಲಿ ನಿಯಮಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. "ಅವಳಿಗೆ ಎಲ್ಲಾ ಗೊತ್ತಾಗೋಯ್ತಲ್ಲ. ಅದು ಸುಳಿವು ಕೊಟ್ಟ ಹಾಗೆ."

ಸೆಲ್ಮರ್ ಕೊನೆಯ ಗುಂಡಿ ಹಾಕಿ, ಟೋಪಿ ಇಟ್ಟುಕೊಂಡು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟರು.

"ಅವಳಿಗೆ ಗೊತ್ತಿಲ್ದೆ ಇರೋ ಆಪರೇಷನ್ ಇನ್ನೂ ಎರಡಿದೆ," ಎಂದರು. "ಹಾಳೇಲಿ ಒಂದೇ ಗೆರೆ ಇತ್ತು."